ಒಂದು ಕನ್ನಡ ಮಾತು, ಎರಡು ಇಂಗ್ಲಿಷ್ ಪದ: ಯಾವುದನ್ನು ಹಾಕೋದು?

ಚಿಕ್ಕಮಗಳೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಇದ್ದರೂ ಅರ್ಧ ದಿನ ಹೋಗುವುದು ಟೈಪಿಂಗಿಗೆ. ರಜೆ ಅರ್ಜಿ, ಬಾಡಿಗೆ ಕರಾರು, ಹೋಮ್‌ಸ್ಟೇ ಬೋರ್ಡು, ಕಾಫಿ ಪುಡಿ ಪ್ಯಾಕೆಟ್ಟಿನ ಲೇಬಲ್ಲು, ಎಲ್ಲ ಬರುತ್ತವೆ. ಜನ ಕನ್ನಡದಲ್ಲಿ ಹೇಳುತ್ತಾರೆ, ಇಂಗ್ಲಿಷಲ್ಲಿ ಮಾಡಿಕೊಡಿ ಅನ್ನುತ್ತಾರೆ. ಕಷ್ಟದ ಪದ ಬಂದರೆ ಯಾರಾದರೂ ಡಿಕ್ಷನರಿ ನೋಡುತ್ತಾರೆ. ಎಡವುವುದು ಸುಲಭದ ಪದಗಳಲ್ಲೇ. ಅದೂ ಅರ್ಥ ಹತ್ತಿರ ಹತ್ತಿರ ಇರುವ ಎರಡು ಪದ ಅಕ್ಕಪಕ್ಕ ನಿಂತಾಗ.

ಹೋದ ವರ್ಷ ಮೆಣಸು ಕೊಯ್ದು ಕಣದಲ್ಲಿ ಒಣಗಲು ಹಾಕಿದ್ದ ಸಮಯ. ಮೂಡಿಗೆರೆ ಕಡೆಯ ಒಂದು ತೋಟದ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು, ಅಂಗಡಿಗೆ ಬಂದರು. ಅರವತ್ತು ದಾಟಿದವರು. ಬಂದವರೇ ಮೊಬೈಲನ್ನು ನನ್ನ ಮುಂದೆ ಹಿಡಿದರು.

“ನೋಡಮ್ಮಾ, ನಾನೊಂದು ಬರೆದರೆ ಯಜಮಾನರು ಇನ್ನೊಂದು ಉತ್ತರ ಕೊಟ್ಟಿದಾರೆ.”

ಕಣದಿಂದ ಎರಡು ಮೂಟೆ ಮೆಣಸು ಮಾಯವಾಗಿತ್ತು. ಇವರಿಗೆ ಪಿಕಪ್ ಓಡಿಸುವ ಹುಡುಗನ ಮೇಲೆ ಅನುಮಾನ. ಯಜಮಾನರು ಇರುವುದು ಬೆಂಗಳೂರಿನಲ್ಲಿ. ಅವರ ಮಗನೂ ಓದುತ್ತಾನೆ, ಇಂಗ್ಲಿಷಲ್ಲೇ ಇರಲಿ ಅಂತ ಇವರು ಹೀಗೆ ಬರೆದಿದ್ದರು: ‘ಐ ಡೌಟ್ ದಟ್ ಅವರ್ ಡ್ರೈವರ್ ಸ್ಟೋಲ್ ದ ಪೆಪ್ಪರ್.’ ಅದಕ್ಕೆ ಬಂದ ಉತ್ತರದ ಸಾರಾಂಶ ಇಷ್ಟು: ನನಗೂ ಹಾಗೇ ಅನ್ನಿಸುತ್ತೆ, ಒಳ್ಳೆ ಹುಡುಗ, ಗೋಡೌನ್ ಕೀ ಅವನ ಹತ್ತಿರವೇ ಇರಲಿ.

ಯಜಮಾನರು ಸರಿಯಾಗೇ ಓದಿಕೊಂಡಿದ್ದರು. ‘ಡೌಟ್’ ಅಂದರೆ ನಂಬಿಕೆ ಬರುತ್ತಿಲ್ಲ ಅಂತ. ‘ಐ ಡೌಟ್ ದಟ್ ಹಿ ಸ್ಟೋಲ್ ಇಟ್’ ಅಂದರೆ ‘ಅವನು ಕದ್ದಿರಲಾರ’. ರೈಟರ್ ಹೇಳಬೇಕಾಗಿದ್ದದ್ದು ‘ಅವನೇ ಕದ್ದಿರಬೇಕು’ ಅಂತ. ಅದಕ್ಕೆ ಬೇಕಾದ ಪದ ‘ಸಸ್ಪೆಕ್ಟ್’. ಒಂದೇ ಪದ ಬದಲಾಗಿ ಕಳ್ಳ ಸಾಚಾ ಆಗಿಬಿಟ್ಟ.

ಕನ್ನಡದಲ್ಲಿ ಎರಡಕ್ಕೂ ನಾವು ‘ಅನುಮಾನ’ ಅಂತಲೇ ಅನ್ನುತ್ತೇವೆ. ‘ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ. ‘ಅವನ ಮೇಲೆ ಅನುಮಾನ’ ಅಂದರೆ ಅವನೇ ಮಾಡಿರಬೇಕು. ನಮಗೆ ಗೊಂದಲವಾಗುವುದಿಲ್ಲ, ಯಾಕೆಂದರೆ ಸುತ್ತಲಿನ ಮಾತು ಅರ್ಥವನ್ನು ಹಿಡಿದುಕೊಂಡಿರುತ್ತದೆ. ಇಂಗ್ಲಿಷಿಗೆ ಹೋಗುವಾಗ ಆ ಒಂದು ಮಾತು ಎರಡಾಗಿ ಒಡೆಯುತ್ತದೆ. ನಮ್ಮ ತಪ್ಪುಗಳಲ್ಲಿ ಜಾಸ್ತಿ ಪಾಲು ಈ ಒಡಕಿನಲ್ಲೇ ಹುಟ್ಟುತ್ತವೆ ಅನ್ನುವುದು ಇಷ್ಟು ವರ್ಷ ಟೈಪ್ ಮಾಡಿ ನಾನು ಕಂಡುಕೊಂಡದ್ದು. ಹಾಗಾಗಿ ಇಂಗ್ಲಿಷ್ ಪದ ಆರಿಸುವ ಮುಂಚೆ ಕನ್ನಡದ ಮಾತನ್ನೇ ಒಮ್ಮೆ ಬಿಡಿಸಿ ನೋಡುತ್ತೇನೆ. ‘ಇರಲಾರ’ ಅಂತ ಮುಗಿದರೆ ಡೌಟ್. ‘ಇರಬೇಕು’ ಅಂತ ಮುಗಿದರೆ ಸಸ್ಪೆಕ್ಟ್.

ಕ್ಲಾಸಿನಲ್ಲಿ ‘ಮಿಸ್, ಡೌಟ್’ ಅಂತ ಮಕ್ಕಳು ಕೈ ಎತ್ತುತ್ತಾರಲ್ಲ, ಅದು ಮೂರನೆಯದು. ಅಲ್ಲಿ ‘ಡೌಟ್’ ಅಂದರೆ ಪ್ರಶ್ನೆ. ನಮ್ಮ ದೇಶದೊಳಗೆ ಇದು ನಡೆಯುತ್ತದೆ, ಬಿಡಿ. ಹೊರದೇಶದವರಿಗೆ ಬರೆಯುವಾಗ ಮಾತ್ರ ‘ಕ್ವೆಶ್ಚನ್’ ಅಂತ ಹಾಕಿ. ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಪ್ರಾಡಕ್ಟ್’ ಅಂದರೆ ನಿಮ್ಮ ಮಾಲಿನ ಮೇಲೆ ನಂಬಿಕೆ ಇಲ್ಲ ಅಂತ ಅವರು ತಿಳಿದುಕೊಂಡಾರು.

ಸ್ಟೀಲ್, ರಾಬ್

ಅದೇ ರೈಟರ್ ಕೆಳಗೆ ‘ಹಿ ರಾಬ್ಡ್ ಟೂ ಬ್ಯಾಗ್ಸ್’ ಅಂತಲೂ ಬರೆದಿದ್ದರು. ಇದನ್ನು ಸರಿಮಾಡುವುದು ಸುಲಭ. ಹೋದದ್ದು ಏನು ಅನ್ನುವುದನ್ನು ಹೇಳುತ್ತಿದ್ದರೆ ‘ಸ್ಟೀಲ್’. ಕಳೆದುಕೊಂಡದ್ದು ಯಾರು, ಅಥವಾ ಯಾವ ಜಾಗ ಅನ್ನುವುದನ್ನು ಹೇಳುತ್ತಿದ್ದರೆ ‘ರಾಬ್’. ಮೆಣಸನ್ನು ಸ್ಟೀಲ್ ಮಾಡುತ್ತಾರೆ. ದಾರಿಹೋಕರನ್ನು, ಬ್ಯಾಂಕನ್ನು ರಾಬ್ ಮಾಡುತ್ತಾರೆ. ಮೂಟೆಯನ್ನು ರಾಬ್ ಮಾಡಿದರು ಅಂದರೆ ಮೂಟೆಯ ಜೇಬಿಗೆ ಕೈ ಹಾಕಿದ ಹಾಗೆ.

ಕಾನೂನಿನಲ್ಲಿ ಈ ವ್ಯತ್ಯಾಸ ಇನ್ನೂ ಗಟ್ಟಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಥೆಫ್ಟ್’ 303ನೇ ಕಲಮು, ‘ರಾಬರಿ’ 309, ‘ಡಕಾಯಿಟಿ’ 310. ಹೊಡೆದು ಅಥವಾ ಹೆದರಿಸಿ ಕಿತ್ತುಕೊಂಡರೆ ರಾಬರಿ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಅದೇ ಕೆಲಸ ಮಾಡಿದರೆ ಡಕಾಯಿಟಿ. ಪೊಲೀಸರ ಕನ್ನಡದಲ್ಲೂ ಮೂರು ಬೇರೆ ಪದ ಇವೆ: ಕಳ್ಳತನ, ಸುಲಿಗೆ, ದರೋಡೆ. ರಾತ್ರಿ ಯಾರಿಗೂ ಗೊತ್ತಾಗದ ಹಾಗೆ ಹೋದ ಮೆಣಸಿಗೆ ‘ರಾಬರಿ’ ಅಂತ ಬರೆದರೆ, ಹೊಡೆದವರು ಯಾರು, ಗಾಯ ಎಲ್ಲಿ ಅಂತ ಕೇಳುತ್ತಾರೆ. ಅಂದ ಹಾಗೆ ಪೊಲೀಸ್ ದೂರನ್ನು ಕನ್ನಡದಲ್ಲೇ ಕೊಡಬಹುದು. ಇಂಗ್ಲಿಷಲ್ಲಿ ಕೊಟ್ಟರೆ ತೂಕ ಅಂತ ಸುಮ್ನೆ ಅಂದುಕೊಂಡಿರುತ್ತಾರೆ.

ಕನ್ನಡವೇ ಉತ್ತರ ಹೇಳುವ ಜೋಡಿಗಳು

ಕೆಲವು ಜೋಡಿಗಳಿಗೆ ನಮ್ಮ ಮನೆ ಮಾತಿನಲ್ಲೇ ಎರಡು ಪದ ಇರುತ್ತವೆ. ಗಮನಿಸಿರುವುದಿಲ್ಲ, ಅಷ್ಟೇ.

‘ಸೇ’ ಮತ್ತು ‘ಟೆಲ್’ ತಗೊಳ್ಳಿ. ‘ಹಿ ಸೆಡ್ ಮಿ’ ಅನ್ನುವುದು ನಮ್ಮಲ್ಲಿ ಮನೆಮನೆಯ ತಪ್ಪು. ಕನ್ನಡದಲ್ಲಿ ‘ಅಂದ’ ಬೇರೆ, ‘ಹೇಳಿದ’ ಬೇರೆ ಅಲ್ವಾ? ‘ನಾಳೆ ಬರ್ತೀನಿ ಅಂದ’. ಇಲ್ಲಿ ಮಾತು ಮುಖ್ಯ, ಯಾರಿಗೆ ಅನ್ನುವುದು ಬೇಕಾಗಿಲ್ಲ. ‘ನನಗೆ ಹೇಳಿದ’. ಇಲ್ಲಿ ಕೇಳಿಸಿಕೊಂಡವರು ಇದ್ದಾರೆ. ‘ಅಂದ’ ಅನ್ನುವ ಕಡೆ ‘ಸೆಡ್’, ‘ನನಗೆ ಹೇಳಿದ’ ಅನ್ನುವ ಕಡೆ ‘ಟೋಲ್ಡ್ ಮಿ’ ಹಾಕಿ. ನೂರಕ್ಕೆ ತೊಂಬತ್ತು ಸಲ ಸರಿಹೋಗುತ್ತದೆ. ಉಳಿದ ಹತ್ತರಲ್ಲಿ ಕಥೆ, ಸುಳ್ಳು, ಸತ್ಯ ಬರುತ್ತವೆ. ಅವುಗಳನ್ನು ಯಾರಿಗೆ ಅಂತ ಹೇಳದಿದ್ದರೂ ‘ಟೆಲ್’ ಮಾಡುವುದೇ ವಾಡಿಕೆ.

‘ಸೀ’, ‘ಲುಕ್’, ‘ವಾಚ್’ ಮೂರಕ್ಕೂ ನಾವು ‘ನೋಡು’ ಅಂದುಬಿಡುತ್ತೇವೆ. ಆದರೆ ‘ಕಾಣು’ ಅನ್ನುವ ಪದವೂ ನಮ್ಮ ಹತ್ತಿರ ಇದೆ. ಕಂಡಿತು, ಕಣ್ಣಿಗೆ ಬಿತ್ತು ಅಂದರೆ ‘ಸೀ’. ಬೇಕಂತಲೇ ಕಣ್ಣು ತಿರುಗಿಸಿ ನೋಡಿದರೆ ‘ಲುಕ್’. ನೋಡ್ತಾ ನಿಂತರೆ ‘ವಾಚ್’. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರಿಗೆ ಆನೆಯ ಉದಾಹರಣೆ ಸಾಕು. ತಿರುವಿನಲ್ಲಿ ಆನೆ ಕಂಡಿತು, ಅದು ‘ಸಾ’. ಕಾರಿನ ಗಾಜು ಇಳಿಸಿ ಅದರ ಕಡೆ ನೋಡಿದೆ, ಅದು ‘ಲುಕ್ಡ್ ಅಟ್’. ಇಳಿದು ಅರ್ಧ ಗಂಟೆ ನೋಡ್ತಾ ನಿಂತೆ, ಅದು ‘ವಾಚ್ಡ್’. ಮೂರನೆಯದನ್ನು ಇಂಗ್ಲಿಷಲ್ಲಿ ಬರೆಯಬಹುದು, ಮಾಡಬಾರದು.

‘ಕೇಳು’ ಇನ್ನೂ ಮಜಾ. ಪ್ರಶ್ನೆ ಕೇಳಿದೆ, ಹಾಡು ಕೇಳಿದೆ, ಸದ್ದು ಕೇಳಿಸಿತು. ಇಂಗ್ಲಿಷಲ್ಲಿ ಮೂರೂ ಬೇರೆ: ‘ಆಸ್ಕ್’, ‘ಲಿಸನ್’, ‘ಹಿಯರ್’. ನೀವು ಕೂತು ಕಿವಿಗೊಟ್ಟರೆ ಲಿಸನ್. ತಾನಾಗಿ ಕಿವಿಗೆ ಬಿದ್ದರೆ, ಅಂದರೆ ಕನ್ನಡದಲ್ಲಿ ‘ಕೇಳಿಸಿತು’ ಅನ್ನುವ ಕಡೆ, ಹಿಯರ್. ಮೀಟಿಂಗಿನಲ್ಲಿ ‘ಐ ಆಮ್ ನಾಟ್ ಲಿಸನಿಂಗ್ ಯು’ ಅಂದ ಒಬ್ಬ ಹುಡುಗನ ಕಥೆ ಅವನೇ ಬಂದು ಹೇಳಿಕೊಂಡ. ಅವನ ಹಳ್ಳಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ನಿಮ್ಮ ದನಿ ಕೇಳಿಸ್ತಿಲ್ಲ ಅನ್ನಬೇಕಿತ್ತು. ಅವನು ಅಂದದ್ದು, ನಿಮ್ಮ ಮಾತಿಗೆ ನಾನು ಕಿವಿಗೊಡ್ತಿಲ್ಲ ಅಂತ. ಆ ಕಡೆ ಇದ್ದವರು ಅವನ ಮ್ಯಾನೇಜರ್.

‘ಬಾರೋ’ ಮತ್ತು ‘ಲೆಂಡ್’ ಬಗ್ಗೆ ಎರಡೇ ಮಾತು. ಇಸ್ಕೊಂಡರೆ ಬಾರೋ, ಕೊಟ್ಟರೆ ಲೆಂಡ್. ಸಾಲ ಅನ್ನುವ ಪದ ಮರೆತು ಬರೀ ಕೈಯ ದಿಕ್ಕು ನೋಡಿ.

ಎತ್ತರ: ಹೈ ಅಥವಾ ಟಾಲ್

ಇನ್ನು ಕೆಲವು ಕಡೆ ಕನ್ನಡ ನಮಗೆ ಸಹಾಯ ಮಾಡುವುದಿಲ್ಲ. ಅಲ್ಲಿ ಬೇರೆ ಗುರುತು ಹುಡುಕಿಕೊಳ್ಳಬೇಕು.

‘ಎತ್ತರ’ ಅಂಥದ್ದು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಶ್ರವಣಬೆಳಗೊಳದ ಗೊಮ್ಮಟ 57 ಅಡಿ, ಅದೂ ಎತ್ತರ. ಆದರೆ ಶಿಖರಕ್ಕೆ ‘ಹೈಯೆಸ್ಟ್’, ಗೊಮ್ಮಟನಿಗೆ ‘ಟಾಲ್’. ಹೋಮ್‌ಸ್ಟೇ ಕರಪತ್ರಗಳಲ್ಲಿ ‘ಟಾಲೆಸ್ಟ್ ಪೀಕ್’ ಅಂತ ಆಗಾಗ ಬರುತ್ತದೆ, ನಾನು ತಿದ್ದುತ್ತೇನೆ.

ನಾನು ಇಟ್ಟುಕೊಂಡ ಗುರುತು ಇದು. ಅಗಲ ಕಡಿಮೆ ಇದ್ದು, ಉದ್ದಕ್ಕೆ ನೆಟ್ಟಗೆ ನಿಂತಿರುವುದು ಟಾಲ್: ಮನುಷ್ಯ, ಸಿಲ್ವರ್ ಓಕ್ ಮರ, ಗೊಮ್ಮಟ, ಮೊಬೈಲ್ ಟವರ್. ನೆಲದಿಂದ ಎಷ್ಟು ಮೇಲೆ ಇದೆ ಅನ್ನುವುದು ಹೈ: ಬೆಟ್ಟ, ಅಟ್ಟದ ಮೇಲಿನ ಡಬ್ಬಿ, ಮರದ ತುದಿಯ ಹೆಜ್ಜೇನು ಗೂಡು. ಮರ ಟಾಲ್, ಅದರಲ್ಲಿರುವ ಗೂಡು ಹೈ. ಗೊಮ್ಮಟ ಇರುವ ವಿಂಧ್ಯಗಿರಿ ಬೆಟ್ಟ ಹೈ, ಅದರ ತುದಿಯಲ್ಲಿ ನಿಂತವನು ಟಾಲ್. ಕಟ್ಟಡಕ್ಕೆ ಎರಡೂ ಹೊಂದುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಕಾಫಿ ರೇಟು ಮಾತ್ರ ಯಾವಾಗಲೂ ಹೈ, ಅಥವಾ ಲೋ. ಅದು ಟಾಲ್ ಆಗುವುದಿಲ್ಲ.

ನೆರಳು: ಶೇಡ್ ಅಥವಾ ಶ್ಯಾಡೋ

ಮನೆಯಲ್ಲೇ ಕಾಫಿ ಹುರಿದು, ಪುಡಿ ಮಾಡಿ ಮಾರಲು ಹೊರಟ ಒಬ್ಬ ಹುಡುಗ ಲೇಬಲ್ ತಂದಿದ್ದ. ಬೇರೆ ಕಡೆ 500 ಪ್ರಿಂಟ್ ಆಗಿಹೋಗಿತ್ತು. ಚೆಂದದ ಹಸಿರು ಬಣ್ಣ, ಮಧ್ಯದಲ್ಲಿ ಎಲೆ, ಕೆಳಗೆ ದಪ್ಪಕ್ಷರದಲ್ಲಿ ‘ಶ್ಯಾಡೋ ಗ್ರೋನ್ ಕಾಫಿ’.

“ಏನಾಯ್ತು ಅಕ್ಕಾ? ನೆರಳಲ್ಲಿ ಬೆಳೆದ ಕಾಫಿ ಅಂತ ತಾನೆ?”

ಹೌದು, ನಮ್ಮ ಕಡೆ ಕಾಫಿ ಬೆಳೆಯುವುದೇ ನೆರಳಲ್ಲಿ. ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸು ಎಲ್ಲ ಮೇಲೆ ನಿಂತಿರುತ್ತವೆ. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸಿ, ಅಂದರೆ ಮರದ ಕೊಂಬೆ ಸವರಿಸಿ, ಬೆಳಕು ಎಷ್ಟು ಬೇಕೋ ಅಷ್ಟು ಬಿಡುತ್ತಾರೆ. ಆದರೆ ಆ ನೆರಳು ‘ಶೇಡ್’. ಬಿಸಿಲಿಲ್ಲದ ತಂಪು ಜಾಗ. ‘ಶ್ಯಾಡೋ’ ಅಂದರೆ ಒಂದು ವಸ್ತುವಿನ ಆಕಾರ ನೆಲದ ಮೇಲೋ ಗೋಡೆಯ ಮೇಲೋ ಬೀಳುವುದು. ಶೇಡಿಗೆ ‘ಎಲ್ಲಿ?’ ಅಂತ ಕೇಳಬಹುದು. ಶ್ಯಾಡೋಗೆ ‘ಯಾರದ್ದು?’ ಅಂತ ಕೇಳಬೇಕು. ದನ ಮಧ್ಯಾಹ್ನ ಹೋಗಿ ಮಲಗುವುದು ಶೇಡಿನಲ್ಲಿ. ಸಂಜೆ ಆದಂತೆ ಉದ್ದವಾಗುವುದು ಶ್ಯಾಡೋ. ‘ಶ್ಯಾಡೋ ಗ್ರೋನ್’ ಅಂದರೆ ಕತ್ತಲೆ ಕೋಣೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬೆಳೆದ ಕಾಫಿ ಇದ್ದ ಹಾಗೆ ಕೇಳಿಸುತ್ತದೆ. ‘ಶೇಡ್ ಗ್ರೋನ್’ ಅಂತ ಸಣ್ಣ ಸ್ಟಿಕ್ಕರ್ ಮಾಡಿಕೊಟ್ಟೆ. ಅವನೂ ಅವನ ತಂಗಿಯೂ ಕೂತು 500 ಲೇಬಲ್ಲಿಗೂ ಅಂಟಿಸಿದರಂತೆ.

ಬೀಜ, ತೋಟ, ಮಂಜು

ಕಾಫಿ ಬೀಜ ‘ಸೀಡ್’ ಅಥವಾ ‘ಬೀನ್’? ಸಸ್ಯಶಾಸ್ತ್ರದವರ ಪ್ರಕಾರ ಅದು ಸೀಡೇ. ಹುರುಳಿ, ಅವರೆಯ ಜಾತಿಗೂ ಕಾಫಿಗೂ ಸಂಬಂಧವಿಲ್ಲ. ನೋಡಲು ಹಾಗಿದೆ ಅಂತ ಬೀನ್ ಅನ್ನುವ ಹೆಸರು ನಿಂತುಬಿಟ್ಟಿದೆ. ವ್ಯವಹಾರದಲ್ಲಿ ನನ್ನ ಲೆಕ್ಕ ಹೀಗೆ: ಮಣ್ಣಿಗೆ ಹೋಗುವುದಾದರೆ ಸೀಡ್, ಹುರಿಯಲು ಹೋಗುವುದಾದರೆ ಬೀನ್. ಬಾಬಾಬುಡನ್ ಅವರು 17ನೇ ಶತಮಾನದಲ್ಲಿ ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟರು ಅನ್ನುವ ಕಥೆಯನ್ನು ಬರೆಯುವಾಗ ಜನ ‘ಸೆವೆನ್ ಬೀನ್ಸ್’ ಅಂತಲೇ ಹಾಕುತ್ತಾರೆ. ನಾನು ‘ಸೀಡ್ಸ್’ ಅಂತ ಹಾಕುತ್ತೇನೆ. ನೆಟ್ಟದ್ದು ತಾನೆ.

ಇಲ್ಲೇ ಇನ್ನೊಂದು ಗುಂಡಿ ಇದೆ. ಹೊರಗಿನವರಿಗೆ ‘ಚೆರ್ರಿ’ ಅಂದರೆ ಗಿಡದಲ್ಲಿರುವ ಕೆಂಪು ಹಣ್ಣು. ನಮ್ಮ ಮಾರುಕಟ್ಟೆಯಲ್ಲಿ 50 ಕೆಜಿ ಮೂಟೆಗೆ ರೇಟ್ ಹೇಳುವಾಗ ‘ಅರೇಬಿಕಾ ಚೆರ್ರಿ’ ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಮಾಲು. ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ್ದು ‘ಪಾರ್ಚ್‌ಮೆಂಟ್’. ಹೊಸ ಗಿರಾಕಿಗೆ ಇಮೇಲ್ ಬರೆಯುವಾಗ ‘ಡ್ರೈಡ್ ಚೆರ್ರಿ’ ಅಂತ ಒಂದು ಪದ ಸೇರಿಸಿ. ಇಲ್ಲದಿದ್ದರೆ ಹಣ್ಣು ಕೊಳೆಯುವುದಿಲ್ಲವಾ ಅಂತ ಫೋನ್ ಬರುತ್ತದೆ.

ತೋಟಕ್ಕೆ ‘ಗಾರ್ಡನ್’ ಹಾಕುವವರು ಇನ್ನೂ ಇದ್ದಾರೆ. ‘ಸ್ಟೇ ಇನ್ ಅವರ್ ಗಾರ್ಡನ್’ ಅಂದರೆ ಹೂಕುಂಡದ ಪಕ್ಕ ಟೆಂಟ್ ಹಾಕಿಕೊಡುತ್ತಾರೆ ಅಂತ ಅರ್ಥ. ಕಾಫಿಗೆ ‘ಪ್ಲಾಂಟೇಷನ್’ ಅಥವಾ ‘ಎಸ್ಟೇಟ್’. ಹಣ್ಣಿನ ಮರಗಳಿಗೆ ‘ಆರ್ಚರ್ಡ್’. ತೆಂಗಿಗೆ ‘ಗ್ರೋವ್’. ರಾಗಿ, ಆಲೂಗಡ್ಡೆ, ಹಸು ಎಲ್ಲ ಇದ್ದರೆ ‘ಫಾರ್ಮ್’. ಅಸ್ಸಾಮಿನವರು ‘ಟೀ ಗಾರ್ಡನ್’ ಅನ್ನುತ್ತಾರೆ, ಅದು ಅವರ ರೂಢಿ. ಮೂರು ಎಕರೆಗೆ ಎಸ್ಟೇಟ್ ಅನ್ನಬಹುದಾ? ಯಾವ ಕಾನೂನೂ ಬೇಡ ಅನ್ನುವುದಿಲ್ಲ. ಆದರೆ ಎಸ್ಟೇಟ್ ಅಂತ ಓದಿದವರು ಬಂಗಲೆ, ಆಳುಕಾಳು, ದೊಡ್ಡ ಗೇಟು ಎಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ‘ಕಾಫಿ ಫಾರ್ಮ್’ ಅಂತ ಬರೆದರೆ ಬಂದವರ ಮುಖ ಸಪ್ಪೆಯಾಗುವುದಿಲ್ಲ.

ಮಂಜಿನ ಕಥೆ ಕೇಳಿ. ಕೈಮರ ದಾಟಿ ಗಿರಿ ಹತ್ತುವಾಗ ಎದುರಿನ ಬಸ್ಸೂ ಕಾಣದ ಹಾಗೆ ಮುಚ್ಚಿಕೊಳ್ಳುತ್ತದಲ್ಲ, ಅದು ‘ಫಾಗ್’. ಹವಾಮಾನದವರ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ದೂರ 1 ಕಿಲೋಮೀಟರಿಗಿಂತ ಕಡಿಮೆಯಾದರೆ ಫಾಗ್. ತೆಳುವಾಗಿದ್ದು ಅದಕ್ಕಿಂತ ದೂರ ಕಂಡರೆ ‘ಮಿಸ್ಟ್’. ಬೆಳಿಗ್ಗೆ ಹುಲ್ಲಿನ ಮೇಲೆ ಕೂತಿರುವ ಇಬ್ಬನಿ ‘ಡ್ಯೂ’. ಕಾಶ್ಮೀರದಲ್ಲಿ ಬೀಳುವುದು ‘ಸ್ನೋ’. ಕನ್ನಡದಲ್ಲಿ ನಾವು ನಾಲ್ಕಕ್ಕೂ ಮಂಜು ಅಂದು ದಾಟಿಸಿಬಿಡುತ್ತೇವೆ. ಪರಿಚಯದ ಒಬ್ಬರು ತಮ್ಮ ಹೋಮ್‌ಸ್ಟೇ ಫೋಟೋ ಕೆಳಗೆ ‘ಮಾರ್ನಿಂಗ್ ಸ್ನೋ ವ್ಯೂ’ ಅಂತ ಹಾಕಿದ್ದರು. ಗುಜರಾತಿನಿಂದ ಒಂದು ಕುಟುಂಬ ಮಕ್ಕಳಿಗೆ ಕೈಗವಸು, ಉದ್ದ ಬೂಟು ಹಾಕಿಸಿಕೊಂಡು ಬಂದಿಳಿಯಿತು. ಅವರಲ್ಲಿ ಚಿಕ್ಕ ಮಗು ಎರಡು ದಿನವೂ ಬೆಳಿಗ್ಗೆ ಎದ್ದು ಅಂಗಳಕ್ಕೆ ಹೋಗಿ ನೋಡಿ ಬರುತ್ತಿತ್ತಂತೆ.

ಇದರ ಜೊತೆಗೇ ‘ಕ್ಲೈಮೇಟ್ ಸೂಪರ್’ ಅನ್ನುವುದೂ ಬರುತ್ತದೆ. ಇವತ್ತಿನದು ‘ವೆದರ್’. ‘ಕ್ಲೈಮೇಟ್’ ಅಂದರೆ ವರ್ಷಗಟ್ಟಲೆಯ ಸರಾಸರಿ. ಅದಕ್ಕೆ 30 ವರ್ಷದ ಲೆಕ್ಕ ಹಿಡಿಯುವುದು ಪದ್ಧತಿ. ಈ ಸಲ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಡವಾಯಿತು ಅಂದರೆ ವೆದರ್. ನಮ್ಮಜ್ಜನ ಕಾಲದ ಹಾಗೆ ಈಗ ಹೂಮಳೆ ಬರುವುದೇ ಇಲ್ಲ ಅಂದರೆ ಕ್ಲೈಮೇಟಿನ ಮಾತು.

ಬಾಡಿಗೆ: ರೆಂಟ್, ಲೀಸ್, ಹೈರ್

ಇಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

‘ಹೈರ್’ ಸುಲಭ. ಸ್ವಲ್ಪ ಹೊತ್ತಿಗೆ, ಸ್ವಲ್ಪ ದಿನಕ್ಕೆ ತಗೊಳ್ಳುವುದು: ಜೀಪು, ಶಾಮಿಯಾನ, ಮದುವೆಗೆ ಕುರ್ಚಿ. ಕೆಲಸಕ್ಕೆ ಜನರನ್ನು ತಗೊಳ್ಳುವುದೂ ಹೈರ್. ಕಾರಿಗೆ ಬ್ರಿಟಿಷರು ಹೈರ್ ಅನ್ನುತ್ತಾರೆ, ಅಮೆರಿಕದವರು ರೆಂಟ್ ಅನ್ನುತ್ತಾರೆ, ಯಾವುದಾದರೂ ಸರಿ. ಆದರೆ ವಾಸದ ಮನೆಯನ್ನು ಹೈರ್ ಮಾಡುವುದಿಲ್ಲ.

ಮನೆಗೆ ತಿಂಗಳು ತಿಂಗಳು ಕೊಡುವ ದುಡ್ಡು ‘ರೆಂಟ್’. ಇಷ್ಟು ಕಾಲ ಇರಬಹುದು ಅನ್ನುವ ಕರಾರು ‘ಲೀಸ್’. ಅಂದರೆ ಇಂಗ್ಲಿಷಲ್ಲಿ ಇವು ಬೇರೆ ಬೇರೆ ವ್ಯವಸ್ಥೆಯಲ್ಲ. ಲೀಸ್ ಕರಾರಿನಲ್ಲೇ ತಿಂಗಳ ರೆಂಟ್ ಎಷ್ಟು ಅಂತ ಬರೆದಿರುತ್ತದೆ. ನಮ್ಮ ಊರುಗಳಲ್ಲಿ ಲೀಸ್ ಅಂದರೆ ಭೋಗ್ಯ. ಒಂದೇ ಸಲ ಲಕ್ಷಗಟ್ಟಲೆ ಕೊಡುವುದು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಅಷ್ಟೂ ವಾಪಸ್ ತಗೊಳ್ಳುವುದು. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ‘ಮನೆ ಲೀಸಿಗಿದೆ’ ಅಂತ ಬೋರ್ಡ್ ಕಂಡರೆ ಅದರ ಅರ್ಥ ಇದೇ. ಹೊರ ರಾಜ್ಯದವರು ತಿಂಗಳ ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ಇವರು ಬಾಡಿಗೆ ಇಲ್ಲ ಅನ್ನುತ್ತಾರೆ. ಅವರಿಗೆ ಖುಷಿ, ಆಮೇಲೆ ಅಡ್ವಾನ್ಸ್ ಎಷ್ಟು ಅಂತ ಕೇಳಿದಾಗ ಖುಷಿ ಇಳಿಯುತ್ತದೆ.

ಒಬ್ಬರ ಮಗಳು ಕಂಪನಿಗೆ ‘ಐ ಹ್ಯಾವ್ ಟೇಕನ್ ಎ ಹೌಸ್ ಆನ್ ಲೀಸ್’ ಅಂತ ಬರೆದು, ಮನೆ ಬಾಡಿಗೆ ಭತ್ಯೆಗೆ ಅರ್ಜಿ ಹಾಕಿದ್ದಳು. ಕಂಪನಿಯವರು ತಿಂಗಳ ರೆಂಟ್ ರಸೀದಿ ಕಳಿಸಿ ಅಂದರು. ಭೋಗ್ಯದ ಮನೆಗೆ ರಸೀದಿ ಎಲ್ಲಿಂದ ತರೋದು? ನಾಲ್ಕು ಇಮೇಲ್ ಓಡಾಡಿದ ಮೇಲೆ ನನ್ನ ಹತ್ತಿರ ಬಂದರು. ಆಗ ‘ಲಂಪ್‌ಸಮ್ ರಿಫಂಡಬಲ್ ಡಿಪಾಸಿಟ್, ನೋ ಮಂತ್ಲಿ ರೆಂಟ್’ ಅಂತ ಬಿಡಿಸಿ ಬರೆದೆವು. ಅವರಿಗೆ ವಿಷಯ ಅರ್ಥವಾಯಿತು. ಭತ್ಯೆ ಸಿಗಲಿಲ್ಲ, ಅದು ಬೇರೆ ಮಾತು. ನೀವೂ ಭೋಗ್ಯಕ್ಕೆ ಬರೀ ‘ಲೀಸ್’ ಅಂತ ಹಾಕಬೇಡಿ, ಹೀಗೆ ಬಿಡಿಸಿಯೇ ಬರೆಯಿರಿ.

ಬಾಡಿಗೆ ಕರಾರು ಎಲ್ಲ ಯಾಕೆ 11 ತಿಂಗಳಿಗೇ ಇರುತ್ತವೆ ಅಂತ ಬಹಳ ಜನ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸನ್ನು ರಿಜಿಸ್ಟರ್ ಮಾಡಿಸಲೇಬೇಕು. ಆ ಓಡಾಟ, ಖರ್ಚು ಬೇಡ ಅಂತ 11ಕ್ಕೆ ನಿಲ್ಲಿಸುತ್ತಾರೆ. ಮೇಲೆ ‘ರೆಂಟಲ್ ಅಗ್ರಿಮೆಂಟ್’ ಅಂತ ಹೆಡ್ಡಿಂಗ್ ಹಾಕಿ, ಒಳಗೆ ಮೂರು ವರ್ಷ ಅಂತ ಬರೆದರೆ ಹೆಡ್ಡಿಂಗ್ ನಿಮ್ಮನ್ನು ಕಾಪಾಡುವುದಿಲ್ಲ.

ಬೇಜಾರು

ಈ ಪದಕ್ಕೆ ಇಂಗ್ಲಿಷಲ್ಲಿ ಸರಿಸಮ ಇಲ್ಲ. ಮಳೆಗಾಲದಲ್ಲಿ ಮನೆಯಲ್ಲೇ ಕೂತು ಬೇಜಾರು, ಅದು ‘ಬೋರ್ಡ್’. ಸ್ನೇಹಿತೆ ಮದುವೆಗೆ ಕರೆಯಲಿಲ್ಲ ಅಂತ ಬೇಜಾರು, ಅದು ‘ಹರ್ಟ್’ ಅಥವಾ ‘ಅಪ್ಸೆಟ್’. ಯಾರೋ ಹೋಗಿಬಿಟ್ಟರು ಅಂತ ಬೇಜಾರು, ಅದು ‘ಸ್ಯಾಡ್’. ‘ಬೇಜಾರು ಮಾಡ್ಕೋಬೇಡಿ’ ಅನ್ನುವುದಕ್ಕೆ ‘ಪ್ಲೀಸ್ ಡೋಂಟ್ ಮೈಂಡ್’.

ಒಬ್ಬ ಹುಡುಗ ತನ್ನ ಮ್ಯಾನೇಜರಿಗೆ ಕಳಿಸಬೇಕಿದ್ದ ಮೆಸೇಜ್ ತೋರಿಸಿದ: ‘ಐ ಆಮ್ ವೆರಿ ಬೋರ್ಡ್ ಟು ಹಿಯರ್ ದಟ್ ಯುವರ್ ಮದರ್ ಎಕ್ಸ್‌ಪೈರ್ಡ್.’ ಇನ್ನೂ ಕಳಿಸಿರಲಿಲ್ಲ, ಪುಣ್ಯ. ನಿಮ್ಮ ತಾಯಿ ತೀರಿಕೊಂಡ ಸುದ್ದಿ ಕೇಳಿ ಆಕಳಿಕೆ ಬಂತು ಅಂದ ಹಾಗಾಗುತ್ತದೆ ಕಣೋ ಅಂದೆ. ಅವನ ಮುಖ ಸಣ್ಣದಾಯಿತು. ‘ಎಕ್ಸ್‌ಪೈರ್ಡ್’ ನಮ್ಮ ದೇಶದಲ್ಲಿ ಎಲ್ಲರೂ ಬರೆಯುತ್ತಾರೆ, ತಪ್ಪು ಅನ್ನಲಾರೆ. ನನಗೆ ಮಾತ್ರ ಅದು ಮಾತ್ರೆ ಪ್ಯಾಕೆಟ್ಟಿನ ಮೇಲಿನ ತಾರೀಕು ನೆನಪಿಸುತ್ತದೆ. ‘ಪಾಸ್ಡ್ ಅವೇ’ ಅಂತ ಬದಲಾಯಿಸಿದೆ. ಕೊನೆಗೆ ಹೋದದ್ದು ಒಂದೇ ಸಾಲು: ‘ಐ ಆಮ್ ವೆರಿ ಸಾರಿ ಫಾರ್ ಯುವರ್ ಲಾಸ್.’

‘ಬೋರ್ಡ್’ ಮತ್ತು ‘ಬೋರಿಂಗ್’ ವ್ಯತ್ಯಾಸವನ್ನೂ ಅವನಿಗೇ ಹೇಳಿದೆ. ಬೇಜಾರು ಬಂದವನು ಬೋರ್ಡ್. ಬೇಜಾರು ಹಿಡಿಸುವವನು ಬೋರಿಂಗ್. ಇಂಟರ್‌ವ್ಯೂನಲ್ಲಿ ‘ಐ ಆಮ್ ಬೋರಿಂಗ್ ಇನ್ ಮೈ ಓಲ್ಡ್ ಜಾಬ್’ ಅನ್ನುವವರಿದ್ದಾರೆ.

ಚಿಕ್ಕಪುಟ್ಟವು

ರಜೆ ಅರ್ಜಿಯಲ್ಲಿ ಕಾಲು ಅಂದರೆ ‘ಲೆಗ್’ ಅಂತ ಹಾಕುತ್ತಾರೆ. ಹಿಮ್ಮಡಿಯಿಂದ ಬೆರಳಿನ ತನಕ ‘ಫುಟ್’, ಅದರ ಮೇಲಿನದು ಲೆಗ್. ಹಾಗೇ ಮಣಿಕಟ್ಟಿನ ತನಕ ‘ಹ್ಯಾಂಡ್’, ಮೇಲಿನದು ‘ಆರ್ಮ್’. ಕೈಬೆರಳು ‘ಫಿಂಗರ್’, ಕಾಲ್ಬೆರಳು ‘ಟೋ’. ಡಾಕ್ಟರ ಸರ್ಟಿಫಿಕೇಟಿನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ಆಫೀಸಿನಲ್ಲಿ ತಕರಾರು ತೆಗೆಯುತ್ತಾರೆ.

‘ಐತಿಹಾಸಿಕ’ ಅನ್ನುವುದಕ್ಕೆ ‘ಹಿಸ್ಟಾರಿಕ್’ ಇದೆ, ‘ಹಿಸ್ಟಾರಿಕಲ್’ ಇದೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ ಹಿಸ್ಟಾರಿಕ್. ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಹಿಸ್ಟಾರಿಕ್ ಸಂಗತಿ. ಆ ಕಾಲದ ಶಾಸನ, ದಾಖಲೆ, ಆ ಕಾಲದ ಮೇಲೆ ಬರೆದ ಕಾದಂಬರಿ ಹಿಸ್ಟಾರಿಕಲ್.

‘ಬಿಗಿನ್’ ಮತ್ತು ‘ಸ್ಟಾರ್ಟ್’, ‘ಶಟ್’ ಮತ್ತು ‘ಕ್ಲೋಸ್’, ‘ಬಿಗ್’ ಮತ್ತು ‘ಲಾರ್ಜ್’: ಇವುಗಳ ಬಗ್ಗೆ ಕೇಳಿದರೆ ಬಾಯಿಗೆ ಬಂದದ್ದು ಹಾಕಿ ಅನ್ನುತ್ತೇನೆ. ಗಾಡಿ ಮಾತ್ರ ಸ್ಟಾರ್ಟ್ ಆಗುತ್ತದೆ, ಬಿಗಿನ್ ಆಗುವುದಿಲ್ಲ.

ತಿರುಗಾಮುರುಗಾ ಆಗುವುದೂ ಉಂಟು. ನಮ್ಮ ಭತ್ತ, ಅಕ್ಕಿ, ಅನ್ನದಲ್ಲಿ ಕೊನೆಯ ಎರಡಕ್ಕೂ ಅವರದ್ದು ಒಂದೇ ‘ರೈಸ್’. ಬಿಸಿಗೂ ಖಾರಕ್ಕೂ ‘ಹಾಟ್’. ಹಾಗಾಗಿ ಮೆನುವಿನಲ್ಲಿ ಖಾರಕ್ಕೆ ‘ಸ್ಪೈಸಿ’ ಅಂತಲೇ ಹಾಕಿ. ಚಿಕ್ಕಪ್ಪ, ದೊಡ್ಡಪ್ಪ, ಮಾವ ಎಲ್ಲರೂ ‘ಅಂಕಲ್’. ಕೋರ್ಟಿನ ಅಫಿಡವಿಟ್ಟಿಗೆ ಅದು ಸಾಲದು. ‘ಫಾದರ್ಸ್ ಯಂಗರ್ ಬ್ರದರ್’ ಅಂತ ಬಿಡಿಸಿ ಬರೆಯುತ್ತೇನೆ.

ಆ ರೈಟರ್ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ‘ಡೌಟ್’ ತೆಗೆದು ‘ಸಸ್ಪೆಕ್ಟ್’, ‘ರಾಬ್ಡ್’ ತೆಗೆದು ‘ಸ್ಟೋಲ್’ ಮಾಡಿ ಓದಿ ಹೇಳಿದೆ. ತಲೆ ಆಡಿಸಿದರು. ಕೊನೆಯ ಸಾಲು ನಾನೇ ಹಾಕ್ತೀನಿ ಅಂತ ಮೊಬೈಲ್ ಇಸ್ಕೊಂಡರು. ಒಂದೊಂದೇ ಅಕ್ಷರ ಒತ್ತಿ ಕಳಿಸಿಯೇಬಿಟ್ಟರು. ಟೀ ತರಿಸಿದೆ. ಕುಡಿದು ಮುಗಿಸುವಷ್ಟರಲ್ಲಿ ಯಜಮಾನರ ಫೋನ್ ಬಂತು. ಡ್ರೈವರ್ ಬಗ್ಗೆ ಆಮೇಲೆ ಮಾತಾಡೋಣ, ನೀನು ಯಾವಾಗ ಬರ್ತೀಯ, ಯಾವ ಬಸ್ಸಿಗೆ, ಊಟ ಇಲ್ಲೇ ತಾನೆ ಅಂತ ಕೇಳುತ್ತಿದ್ದರು. ರೈಟರ್ ಕಣ್ಣರಳಿಸಿ ನನ್ನ ಕಡೆ ನೋಡಿದರು. ಮೊಬೈಲ್ ತಗೊಂಡು ನೋಡಿದೆ. ಎದ್ದು ಹೊರಡುವಾಗ ‘ಬರ್ತೀನಿ’ ಅನ್ನುತ್ತೇವಲ್ಲ, ಅದನ್ನೇ ಕೊನೆಗೆ ಹಾಕಿದ್ದರು: ‘ಓಕೆ ಸಾರ್, ಐ ವಿಲ್ ಕಮ್.’